ರೇಂಜ್ ಉಂಡೋ ಸಾರೇ?

ಮೊಬೈಲ್‌ಗೆ ಸಿಗ್ನಲ್ ಸಿಗದಿದ್ದರೆ ನಮ್ಮ ಮಲೆನಾಡಿನ ಕಡೆ ‘ಟವರ್ ಸಿಗ್ತಿಲ್ಲ’ ಅಂತೇವೆ. ಬೆಂಗಳೂರಿನವರಾದರೆ ‘ನೆಟ್‌ವರ್ಕ್ ಇಲ್ಲ’ ಅಂತಾರೆ. ಮಲಯಾಳಿಗಳು ಮಾತ್ರ ಇದಕ್ಕೆ ‘ರೇಂಜ್’ ಎಂಬ ಪದ ಹಿಡಿದುಕೊಂಡಿದ್ದಾರೆ. ‘ರೇಂಜ್ ಉಂಡೋ?’ ಅಂದರೆ ಸಿಗ್ನಲ್ ಇದೆಯೇ ಅಂತ. ‘ರೇಂಜ್ ಇಲ್ಲ’ ಅನ್ನುವುದಕ್ಕೆ ನಮ್ಮ ಪುಣ್ಯಕ್ಕೆ ಅರ್ಥ ಹೇಳಬೇಕಾಗಿಲ್ಲ. ಕೇರಳಕ್ಕೆ ಹೋದ ಹೊಸತರಲ್ಲಿ ನನಗೆ ಪೂರ್ತಿಯಾಗಿ ಅರ್ಥವಾದ ಮೊದಲ ಮಲಯಾಳ ವಾಕ್ಯ ಅದೇ.

ಯೋಚನೆ ಮಾಡಿದರೆ ಅವರ ಪದವೇ ಹೆಚ್ಚು ಸರಿ. ಟವರ್ ಅಂದರೆ ಎಲ್ಲೋ ಗುಡ್ಡದ ಮೇಲೆ ನಿಂತಿರುವ ಕಂಬ. ನೆಟ್‌ವರ್ಕ್ ಅಂದರೆ ಕಂಪನಿಯವರ ಆಸ್ತಿ. ರೇಂಜ್ ಅಂದರೆ ಎಟುಕು. ಆ ಕಂಬ ನಮಗೆ ಎಟುಕುತ್ತದೋ ಇಲ್ಲವೋ, ನಾವು ಅದಕ್ಕೆ ಎಟುಕುತ್ತೇವೋ ಇಲ್ಲವೋ ಎಂಬ ಲೆಕ್ಕ. 2004ರಿಂದ ಹದಿನಾಲ್ಕು ವರ್ಷ, ಮೊದಲು ಕೊಚ್ಚಿಯಲ್ಲಿ, ಆಮೇಲೆ ತಿರುವನಂತಪುರದಲ್ಲಿ, ಈ ಎಟುಕನ್ನು ಅಳೆಯುವುದೇ ನನ್ನ ಹೊಟ್ಟೆಪಾಡಾಗಿತ್ತು. ನನ್ನ ಮನೆ ಇದ್ದದ್ದು ಸಾಗರ ತಾಲ್ಲೂಕಿನ ಶರಾವತಿ ಹಿನ್ನೀರಿನ ಆಚೆ ದಂಡೆಯಲ್ಲಿ. ಅಲ್ಲಿ ಆಗ ಅಳೆಯುವುದಕ್ಕೆ ಸಿಗ್ನಲ್ ಅನ್ನುವುದೇ ಇರಲಿಲ್ಲ. ದಿನವಿಡೀ ಪರವೂರಿನವರ ಸಿಗ್ನಲ್ ಅಳೆದು, ರಾತ್ರಿ ಸ್ವಂತ ಅಮ್ಮನ ಜೊತೆ ಮಾತಾಡಲಾಗದೆ ಮಲಗುವ ಕೆಲಸ ಅದು.

ಕೆಲಸದ ಹೆಸರು ಡ್ರೈವ್ ಟೆಸ್ಟ್. ಹೆಸರು ಕೇಳಿ ಲೈಸೆನ್ಸ್ ಕೊಡುವ ಆರ್‌ಟಿಒ ಕೆಲಸ ಅಂದುಕೊಂಡವರು ಊರಲ್ಲಿ ಬಹಳ ಮಂದಿ. ಬಾಡಿಗೆಯದೊಂದು ಸುಮೋ. ಹಿಂದಿನ ಸೀಟಿನಲ್ಲಿ ನಾನು, ತೊಡೆಯ ಮೇಲೆ ಲ್ಯಾಪ್‌ಟಾಪ್. ಅದಕ್ಕೆ ತಂತಿಯಲ್ಲಿ ಕಟ್ಟಿದ ಎರಡು ಪರೀಕ್ಷೆಯ ಫೋನ್, ಗಾಡಿಯ ತಲೆಯ ಮೇಲೆ ಅಯಸ್ಕಾಂತದಿಂದ ಅಂಟಿಕೊಂಡ ಪುಟ್ಟ ಜಿಪಿಎಸ್ ಡಬ್ಬಿ, ಬ್ಯಾಟರಿಯಿಂದ ಕರೆಂಟ್ ಎಳೆಯುವ ಇನ್ವರ್ಟರ್. ಒಂದು ಫೋನ್ ಎರಡು ನಿಮಿಷಕ್ಕೊಮ್ಮೆ ತಾನಾಗಿ ಕರೆ ಮಾಡಿ ಕಟ್ ಮಾಡುತ್ತಿರುತ್ತದೆ, ಇನ್ನೊಂದು ಸುಮ್ಮನೆ ಕೂತು ಸುತ್ತಲಿನ ಟವರ್‌ಗಳನ್ನು ಆಲಿಸುತ್ತಿರುತ್ತದೆ. ಗಾಡಿ ಹೋದ ದಾರಿಯುದ್ದಕ್ಕೂ ಲ್ಯಾಪ್‌ಟಾಪಿನ ನಕ್ಷೆಯಲ್ಲಿ ಬಣ್ಣದ ಚುಕ್ಕೆಗಳು ಬೀಳುತ್ತಾ ಹೋಗುತ್ತವೆ. ಹಸಿರಾದರೆ ಚೆನ್ನ, ಹಳದಿಯಾದರೆ ಪರವಾಗಿಲ್ಲ, ಕೆಂಪಾದರೆ ರೇಂಜ್ ಇಲ್ಲ. ಡ್ರೈವರ್ ಚೇಟ್ಟನಿಗೆ ಇದೆಲ್ಲ ಹುಚ್ಚಾಟ. ಒಂದೇ ರಸ್ತೆಗೆ ಮೂರನೇ ದಿನವೂ ತಿರುಗಿಸಲು ಹೇಳಿದಾಗ, “ಸಾರೇ, ಇವಿಡೆ ಇನ್ನಲೆಯುಂ ವನ್ನದಲ್ಲೇ?” ಅಂತ ರಾಗ ಎಳೆಯುತ್ತಿದ್ದರು. ನಿನ್ನೆಯೂ ಇಲ್ಲಿಗೇ ಬಂದಿದ್ದೆವಲ್ಲ ಅಂತ.

ಸಿಗ್ನಲ್ ಅಳೆಯುವ ಅಂಕಿ ಯಾವಾಗಲೂ ಮೈನಸ್‌ನಲ್ಲಿರುತ್ತದೆ. ಅಳತೆಗೋಲಿನ ಹೆಸರು ಡಿಬಿಎಂ. ಒಂದು ಮಿಲಿವ್ಯಾಟ್ ಶಕ್ತಿಯನ್ನು ಸೊನ್ನೆ ಅಂತ ಇಟ್ಟುಕೊಂಡು, ಅಲ್ಲಿಂದ ಕೆಳಗೆ ಎಷ್ಟು ಮೆಟ್ಟಿಲು ಇಳಿದಿದೆ ಎಂದು ಎಣಿಸುವುದು. ಮೂರು ಮೆಟ್ಟಿಲು ಇಳಿದರೆ ಶಕ್ತಿ ಅರ್ಧ, ಹತ್ತು ಇಳಿದರೆ ಹತ್ತನೇ ಒಂದು. ಹಳೆಯ 2ಜಿ ಫೋನ್ ಮೈನಸ್ 100ರಲ್ಲೂ ಹೇಗೋ ಮಾತಾಡಿಬಿಡುತ್ತಿತ್ತು. ಮೈನಸ್ 100 ಅಂದರೆ ಒಂದು ಮಿಲಿವ್ಯಾಟ್‌ನ ಸಾವಿರ ಕೋಟಿಯಲ್ಲಿ ಒಂದು ಪಾಲು. ಟವರ್ ಹೊರಗೆ ಬಿಡುವುದಾದರೂ ಎಷ್ಟು? ಒಂದು ಚಾನೆಲ್‌ಗೆ 20 ವ್ಯಾಟ್ ಆಸುಪಾಸು, ಅಡುಗೆಮನೆಯ ಸಿಎಫ್‌ಎಲ್ ಬಲ್ಬಿನಷ್ಟು. ಆ ಬಲ್ಬಿನ ಬೆಳಕನ್ನು ಹತ್ತು ಹದಿನೈದು ಕಿಲೋಮೀಟರ್ ದೂರದಿಂದ ಗುರುತು ಹಿಡಿಯುವ ಕಣ್ಣು ನಮ್ಮ ಜೇಬಿನಲ್ಲಿದೆ ಅಂದುಕೊಳ್ಳಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ, ಅಂದರೆ ಟ್ರಾಯ್‌ನ, ಡ್ರೈವ್ ಟೆಸ್ಟ್ ವರದಿಗಳಲ್ಲಿ ಮೈನಸ್ 75ಕ್ಕಿಂತ ಮೇಲಿದ್ದರೆ ಮನೆಯೊಳಗೂ ಸಿಗ್ನಲ್ ಸಿಗುತ್ತದೆ, 85ರವರೆಗೆ ವಾಹನದೊಳಗೆ, 95ರವರೆಗೆ ಬಯಲಿನಲ್ಲಿ ಎಂದು ವಿಂಗಡಿಸುತ್ತಿದ್ದರು. ಇದನ್ನು ಇಷ್ಟು ಬಿಡಿಸಿ ಹೇಳಿದ್ದಕ್ಕೆ ಕಾರಣವಿದೆ. ಈ ಅಂಕಿಗಳೆಲ್ಲ ಗಾಡಿ ಓಡಾಡುವ ರಸ್ತೆಯ ಮೇಲಿನವು. ಗಾಡಿ ಹೋಗದ ಕಡೆಯ ಅಂಕಿ ಯಾರ ಬಳಿಯೂ ಇರುತ್ತಿರಲಿಲ್ಲ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ಭಾರತದಲ್ಲಿ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು. ಕಲ್ಕತ್ತೆಯಿಂದ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಕೇಂದ್ರ ಸಚಿವ ಸುಖ್ ರಾಮ್ ಅವರಿಗೆ ಮಾಡಿದ್ದು. ಕೇರಳದ ಸರದಿ ಬಂದದ್ದು ಮರುವರ್ಷ, 1996ರ ಸೆಪ್ಟೆಂಬರ್ 17ರಂದು. ಕೊಚ್ಚಿಯ ಹೋಟೆಲೊಂದರಲ್ಲಿ ನಡೆದ ಸಮಾರಂಭದಲ್ಲಿ ಮೊದಲ ಕರೆ ಮಾಡಿದವರು ಮಂತ್ರಿಯಲ್ಲ, ಸಾಹಿತಿ. 1984ರ ಜ್ಞಾನಪೀಠ ಪಡೆದ ತಕಳಿ ಶಿವಶಂಕರ ಪಿಳ್ಳೆ. ಆ ಕಡೆಯಿಂದ ಮಾತಾಡಿದವರು ನೌಕಾಪಡೆಯ ದಕ್ಷಿಣ ಕಮಾಂಡಿನ ಮುಖ್ಯಸ್ಥ ಎ. ಆರ್. ಟಂಡನ್. ಕಂಪನಿಯ ಹೆಸರು ಎಸ್ಕೋಟೆಲ್, ಟ್ರ್ಯಾಕ್ಟರ್ ಮಾಡುವ ಎಸ್ಕಾರ್ಟ್ಸ್‌ನವರದ್ದು. ಇನ್ನೊಂದು ಲೈಸೆನ್ಸ್ ಬಿಪಿಎಲ್‌ಗೆ ಸಿಕ್ಕಿತ್ತು. ಪಾಲಕ್ಕಾಡಿನಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಬೆಳೆದ ಆ ಹೆಸರು ನಮಗೂ ಟೀವಿ, ಫ್ರಿಜ್ಜಿನಿಂದ ಪರಿಚಯವೇ.

ತಕಳಿಯವರ ‘ಚೆಮ್ಮೀನ್’ ಯಾರಿಗೆ ಗೊತ್ತಿಲ್ಲ? ಕಡಲಿಗೆ ಹೋದವನು ಮರಳಿ ಬರುತ್ತಾನೋ ಇಲ್ಲವೋ ಎಂದು ದಡದಲ್ಲಿ ಕಾಯುವವರ ಕತೆ ಬರೆದ ಮನುಷ್ಯ ಅವರು. ಕೇರಳದ ಮೊದಲ ಮೊಬೈಲ್ ಕರೆ ಅವರಿಂದ ಕಡಲಿನ ಪಡೆಯ ಅಧಿಕಾರಿಗೇ ಹೋಯಿತು ಅನ್ನುವುದು ಕಾಕತಾಳೀಯ ಇರಬಹುದು. ಆದರೆ ಮುಂದಿನ ಕತೆಯೆಲ್ಲ ಕಡಲಿನದೇ ಆಯಿತು ನೋಡಿ.

ಆಗಿನ ದರವನ್ನು ಇವತ್ತಿನ ಹುಡುಗರಿಗೆ ಹೇಳಿದರೆ ನಗುತ್ತಾರೆ. ನಿಮಿಷಕ್ಕೆ 16 ರೂಪಾಯಿಯವರೆಗೆ, ಬಂದ ಕರೆಗೂ ದುಡ್ಡು. ಇಂಥ ಸಾಮಾನನ್ನು ಕೊಳ್ಳುವವರು ರಬ್ಬರ್ ವ್ಯಾಪಾರಿಗಳು, ಡಾಕ್ಟರುಗಳು, ಗಲ್ಫ್‌ನಿಂದ ಬಂದವರು ಎಂದು ಲೆಕ್ಕ ಹಾಕಿ ಕಂಪನಿಗಳು ಮೊದಲು ಪಟ್ಟಣಗಳಲ್ಲಿ ಟವರ್ ನೆಟ್ಟವು. ಕೇರಳದ ಪಟ್ಟಣಗಳು ಬಹುಪಾಲು ಕಡಲ ದಂಡೆಯಲ್ಲೇ ಇವೆ. ಟವರ್‌ನ ಅಲೆಗೆ ದಡ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಎಂಬುದು ಗೊತ್ತಾಗುವುದಿಲ್ಲ. ಅದು ಸುಮ್ಮನೆ ಕಡಲಿನ ಮೇಲೂ ಹರಡಿಕೊಂಡಿತು, ದಡದಿಂದ 20-25 ಕಿಲೋಮೀಟರ್ ದೂರದವರೆಗೆ. ಅಲ್ಲಿ ಬೂತಾಯಿ ಹಿಡಿಯುವ ದೋಣಿಗಳಿದ್ದವು.

ಇದರ ಪರಿಣಾಮವನ್ನು ಅಳೆದವರು ರಾಬರ್ಟ್ ಜೆನ್ಸನ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ. ಕಾಸರಗೋಡು, ಕಣ್ಣೂರು, ಕೋಝಿಕ್ಕೋಡ್ ಜಿಲ್ಲೆಗಳ 15 ಮೀನು ಪೇಟೆಗಳು, 300 ದೋಣಿಗಳು. 1996ರಿಂದ 2001ರವರೆಗೆ ವಾರವಾರವೂ ಲೆಕ್ಕ ಬರೆಸಿ, 2007ರಲ್ಲಿ ಅವರು ಪ್ರಕಟಿಸಿದ ಲೇಖನ ಜಗತ್ತಿನ ಅರ್ಥಶಾಸ್ತ್ರದ ತರಗತಿಗಳಲ್ಲೆಲ್ಲ ಪಾಠವಾಯಿತು. 1997ರ ಜನವರಿ 14ರ ಬೆಳಿಗ್ಗೆ ವಡಗರದಲ್ಲಿ 11 ದೋಣಿಯವರು ಕೊಳ್ಳುವವರಿಲ್ಲದೆ ಮೀನನ್ನು ಹಾಗೇ ಸುರಿದು ಹೋದರು. ಅದೇ ಹೊತ್ತಿಗೆ ಅಲ್ಲಿಂದ 15 ಕಿಲೋಮೀಟರ್ ಒಳಗಿನ ಪೇಟೆಗಳಲ್ಲಿ ಕೊಳ್ಳುವವರು ಮೀನಿಲ್ಲದೆ ಬರಿಗೈಯಲ್ಲಿ ಹಿಂದಿರುಗಿದ್ದರು. ಒಬ್ಬರ ಸಂಗತಿ ಒಬ್ಬರಿಗೆ ಗೊತ್ತಾಗುವ ದಾರಿ ಇರಲಿಲ್ಲ, ಅಷ್ಟೇ. ಫೋನ್ ಬಂದ ಮೇಲೆ ದೋಣಿಯವರು ನೀರಿನಲ್ಲಿದ್ದಾಗಲೇ ನಾಲ್ಕು ಕಡೆ ವಿಚಾರಿಸಿ, ಬೆಲೆ ಇದ್ದ ದಡಕ್ಕೆ ತಿರುಗತೊಡಗಿದರು. ಮೊದಲು ಹಿಡಿದ ಮೀನಿನಲ್ಲಿ ನೂರಕ್ಕೆ ಐದರಿಂದ ಎಂಟು ಪಾಲು ಹಾಳಾಗುತ್ತಿತ್ತು, ಅದು ನಿಂತಿತು. ಮೀನುಗಾರರ ಲಾಭ ನೂರಕ್ಕೆ ಎಂಟರಷ್ಟು ಏರಿತು, ಕೊಳ್ಳುವವರಿಗೆ ಬೆಲೆ ನಾಲ್ಕರಷ್ಟು ಇಳಿಯಿತು.

ಈ ಕತೆಯಲ್ಲಿ ನಮ್ಮವರಿಗೆ ಮುಖ್ಯವಾದ ಒಂದು ಸಾಲಿದೆ. ಕೋಝಿಕ್ಕೋಡಿಗೆ ಮೊಬೈಲ್ ಬಂದದ್ದು 1997ರ ಜನವರಿಯಲ್ಲಿ, ಕಣ್ಣೂರಿಗೆ 1998ರ ಜುಲೈಯಲ್ಲಿ, ನಮ್ಮ ಕನ್ನಡದವರಿರುವ ಕಾಸರಗೋಡಿಗೆ 2000ದ ಮೇ ತಿಂಗಳಲ್ಲಿ. ಜೆನ್ಸನ್‌ಗೆ ಅದು ಅನುಕೂಲವೇ ಆಯಿತು. ಬಂದ ಕಡೆಗೂ ಬಾರದ ಕಡೆಗೂ ಹೋಲಿಸಿ ನೋಡಬಹುದಲ್ಲ! ಕಾಸರಗೋಡಿನ ಮೀನುಗಾರನಿಗೆ ಮಾತ್ರ ಅದು ಮೂರೂವರೆ ವರ್ಷದ ಕಾಯುವಿಕೆ. ಕೇರಳದ ನಕ್ಷೆಯಲ್ಲಿ ತುದಿ, ಕರ್ನಾಟಕದ ನಕ್ಷೆಯಿಂದ ಹೊರಗೆ. ತುದಿಯಲ್ಲಿರುವವರ ಸರದಿ ಕೊನೆಗೇ ಬರುತ್ತದೆ.

ಕತೆ ಇಷ್ಟು ಚಂದವಾಗಿದ್ದರೆ ಸಾಲದು ಎಂದು ಪ್ರಶ್ನೆ ಎತ್ತಿದವರೂ ಇದ್ದಾರೆ. 2013ರಲ್ಲಿ ಜಾನಕಿ ಶ್ರೀನಿವಾಸನ್ ಮತ್ತು ಜೆನ್ನಾ ಬರೆಲ್ ಕೇರಳದ ಮೀನುಗಾರರ ನಡುವೆ ಮತ್ತೆ ಓಡಾಡಿ ಬರೆದರು. ಫೋನ್ ಇದ್ದ ಮಾತ್ರಕ್ಕೆ ಎಲ್ಲರೂ ಬೇಕಾದ ದಡಕ್ಕೆ ಹೋಗುವಂತಿಲ್ಲ. ದೋಣಿಗೆ, ಬಲೆಗೆ ಸಾಲ ಕೊಟ್ಟ ದಲ್ಲಾಳಿಯ ಹಂಗು ಇರುತ್ತದೆ ಎಂಬುದು ಅವರ ಮಾತು. ನಮ್ಮೂರಿನ ಅಡಿಕೆ ಮಂಡಿಯ ವ್ಯವಹಾರ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾನು ಕೊಚ್ಚಿಗೆ ಬಂದಾಗ, 2004ರಲ್ಲಿ, ಬಂದ ಕರೆಗೆ ದುಡ್ಡು ನಿಂತು ಒಂದು ವರ್ಷವಾಗಿತ್ತು. ಬಿಎಸ್‌ಎನ್‌ಎಲ್ ಕೂಡ ಮೊಬೈಲಿಗೆ ಇಳಿದಿತ್ತು. ಮೀನು ಮಾರುವ ಚೇಚಿಯ ಬುಟ್ಟಿಯ ಪಕ್ಕದಲ್ಲೂ ಪ್ಲಾಸ್ಟಿಕ್ ಕವರಿನೊಳಗೆ ಫೋನ್ ಇಣುಕುತ್ತಿತ್ತು. ಜನ ಹೆಚ್ಚಾದಂತೆ ತೊಂದರೆಯ ಸ್ವರೂಪವೂ ಬದಲಾಯಿತು. ಮೊದಲು ‘ರೇಂಜ್ ಇಲ್ಲ’ ಎಂಬ ದೂರು. ಆಮೇಲೆ ರೇಂಜ್ ಇದ್ದರೂ ಮಾತು ಕತ್ತರಿಸುತ್ತದೆ ಎಂಬ ದೂರು.

ಕೊಚ್ಚಿ ಅಂದರೆ ಅರ್ಧ ನೀರು. ಎರ್ನಾಕುಳಂ ಒಂದು ದಂಡೆ, ಎದುರಿಗೆ ವೈಪೀನ್, ಅದರಾಚೆ ಫೋರ್ಟ್ ಕೊಚ್ಚಿ, ನಡುವೆ ವಿಲ್ಲಿಂಗ್ಡನ್ ದ್ವೀಪ. ಫೋರ್ಟ್ ಕೊಚ್ಚಿಯಿಂದ ವೈಪೀನಿಗೆ ಗಾಡಿಗಳನ್ನು ದಾಟಿಸುವ ಜಂಗಾರ್ ಇತ್ತು. ನಮ್ಮ ಸಿಗಂದೂರಿನ ಲಾಂಚ್‌ನ ಅಣ್ಣನ ಹಾಗೆ. ಮೊದಲ ಸಲ ಸುಮೋ ಸಮೇತ ಅದರ ಮೇಲೆ ನಿಂತಾಗ ಹೊಳೆಬಾಗಿಲಿನ ನೆನಪಾಗಿ ಗಂಟಲು ಕಟ್ಟಿತು. ಆದರೆ ಆ ಐದು ನಿಮಿಷದಲ್ಲಿ ಲ್ಯಾಪ್‌ಟಾಪಿನ ಪರದೆಯ ಮೇಲೆ ನಡೆಯುತ್ತಿದ್ದದ್ದು ದೊಡ್ಡ ಗಲಾಟೆ. ನೀರಿನ ಮೇಲೆ ಅಡ್ಡಿಯಿಲ್ಲ, ಮನೆಯಿಲ್ಲ, ತೆಂಗಿನ ತೋಟವಿಲ್ಲ. ಎಲ್ಲೆಲ್ಲಿಯ ಟವರ್‌ಗಳೋ ಒಟ್ಟಿಗೇ ಕೂಗುತ್ತವೆ. ಫೋನ್ ಗಲಿಬಿಲಿಗೊಂಡು ದೂರದ ಯಾವುದನ್ನೋ ಹಿಡಿದುಕೊಳ್ಳುತ್ತದೆ. ದಡಕ್ಕೆ ಬಂದ ಮೇಲೂ ಅದನ್ನೇ ಹಿಡಿದಿದ್ದು, ಗಲ್ಲಿಯೊಳಗೆ ತಿರುಗಿದ ತಕ್ಷಣ ಕೈ ಬಿಡುತ್ತದೆ. ಕರೆ ಕಟ್.

ಹೀಗೆ ತನ್ನ ಗಡಿ ಮೀರಿ ಹರಡುವುದಕ್ಕೆ ನಮ್ಮ ಭಾಷೆಯಲ್ಲಿ ಓವರ್‌ಶೂಟ್ ಎಂದು ಹೆಸರು. ಅದು ದೋಷ. ಯಾಕೆಂದರೆ ಸರ್ಕಾರ ಕಂಪನಿಗೆ ಕೊಡುವ ತರಂಗಗಳು ಎಣಿಕೆಯವು. 6.2 ಮೆಗಾಹರ್ಟ್ಸ್ ಸಿಕ್ಕಿದರೆ ಅದರಲ್ಲಿ ಜಿಎಸ್‌ಎಂನ 31 ಚಾನೆಲ್ ಮಾತ್ರ. ಇಡೀ ಊರಿಗೆ ಅವನ್ನೇ ಮತ್ತೆ ಮತ್ತೆ ಹಂಚಬೇಕು. ಒಂದು ಟವರ್ ದೂರಕ್ಕೆ ಚೆಲ್ಲಿದರೆ ಅಲ್ಲಿ ಅದೇ ಚಾನೆಲ್ ಬಳಸುವ ಇನ್ನೊಂದರ ಮಾತು ಕೆಡುತ್ತದೆ. ಪರಿಹಾರವೂ ಸುಲಭ. ಟವರ್ ಹತ್ತಿ ಆಂಟೆನಾದ ಮುಖವನ್ನು ಎರಡೋ ನಾಲ್ಕೋ ಡಿಗ್ರಿ ಕೆಳಕ್ಕೆ ಬಗ್ಗಿಸುವುದು. ಗದ್ದೆಯ ನೀರು ಪಕ್ಕದವರ ಗದ್ದೆಗೆ ಹೋಗದ ಹಾಗೆ ಬದು ಕಟ್ಟಿದ ಹಾಗೆ.

ವೈಪೀನಿನ ಉತ್ತರದ ತುದಿಯಲ್ಲಿ ಮುನಂಬಂ ಎಂಬ ಮೀನುಗಾರಿಕೆ ಬಂದರಿದೆ. ಆ ಕಡೆಯ ಟವರ್‌ಗಳ ಲೆಕ್ಕ ನೋಡುವಾಗ ನನಗೊಂದು ವಿಚಿತ್ರ ಕಂಡಿತು. ಜಿಎಸ್‌ಎಂನಲ್ಲಿ ಒಂದೇ ಚಾನೆಲನ್ನು ಎಂಟು ಫೋನ್‌ಗಳು ಸರದಿಯ ಮೇಲೆ ಹಂಚಿಕೊಳ್ಳುತ್ತವೆ. ದೂರದ ಫೋನಿನ ಅಲೆ ತಡವಾಗಿ ಬಂದು ಪಕ್ಕದವನ ಸರದಿಗೆ ಡಿಕ್ಕಿ ಹೊಡೆಯಬಾರದಲ್ಲ? ಅದಕ್ಕೆ ಟವರ್, ‘ನೀನು ದೂರ ಇದ್ದೀಯ, ಇಷ್ಟು ಬೇಗ ಹೊರಡು’ ಎಂದು ಪ್ರತಿ ಫೋನಿಗೂ ಒಂದು ಅಂಕಿ ಹೇಳುತ್ತದೆ. ಒಂದು ಅಂಕಿಗೆ ಸುಮಾರು 550 ಮೀಟರ್. ಸೊನ್ನೆಯಿಂದ 63ರವರೆಗೆ. ಹೀಗಾಗಿ ಮಾಮೂಲಿ 2ಜಿ ಟವರ್‌ನ ಎಟುಕು 35 ಕಿಲೋಮೀಟರಿಗೆ ಮುಗಿಯಿತು, ಸಿಗ್ನಲ್ ಎಷ್ಟೇ ಜೋರಾಗಿರಲಿ. ಮುನಂಬಂ ಕಡೆಯ ಪಟ್ಟಿಯಲ್ಲಿ ಬೆಳಗಿನ ಜಾವ ನಾಲ್ಕೂವರೆಯಿಂದ 38, 40, 42ರ ಅಂಕಿಗಳು. ಅಂದರೆ 20-23 ಕಿಲೋಮೀಟರ್ ದೂರ. ಪೂರ್ವಕ್ಕೆ ಅಷ್ಟು ದೂರಕ್ಕೆ ನೂರು ಟವರ್ ಅಡ್ಡ ಬರುತ್ತವೆ. ಪಶ್ಚಿಮಕ್ಕೆ ಬರೀ ನೀರು. ಕಾಗದದ ಮೇಲೆ ಆ ಕರೆಗಳೆಲ್ಲ ‘ಓವರ್‌ಶೂಟ್’. ನಿಜದಲ್ಲಿ ಅವು ದೋಣಿಗಳು.

ಮರುದಿನ ಬಂದರಿಗೇ ಹೋದೆ. ಬಲೆ ಬಿಡಿಸುತ್ತ ಕೂತಿದ್ದ ಹಿರಿಯರೊಬ್ಬರನ್ನು “ಚೇಟ್ಟಾ, ನಡುಗಡಲಲ್ಲಿ ರೇಂಜ್ ಉಂಡೋ?” ಅಂತ ನನ್ನ ಹರಕು ಮಲಯಾಳದಲ್ಲಿ ಕೇಳಿದೆ. ಅವರು ನನ್ನ ಕೊರಳಲ್ಲಿದ್ದ ಗುರುತಿನ ಚೀಟಿ ನೋಡಿ, “ಕಂಪನಿ ಸಾರೇ?” ಅಂದರು. ಆಮೇಲೆ ನಿಧಾನಕ್ಕೆ ಹೇಳಿದರು. ಚರ್ಚಿನ ಗೋಪುರ ಮರೆಯಾಗುವವರೆಗೂ ಮಾತು ಸಿಗುತ್ತದೆ, ಅದಾದ ಮೇಲೂ ಇನ್ನೊಂದು ಗಂಟೆ ಸಿಗುತ್ತದೆ, ದೋಣಿಯ ಮೇಲೆ ನಿಂತು ಕೈ ಎತ್ತಿದರೆ. ಮೊದಲು ಇನ್ನೂ ದೂರ ಸಿಗುತ್ತಿತ್ತು. ದಡದಲ್ಲಿ ಟವರ್ ಜಾಸ್ತಿ ಆದ ಹಾಗೆ ಕಡಲಲ್ಲಿ ರೇಂಜ್ ಕಮ್ಮಿ ಆಗ್ತಿದೆ, ಅದು ಯಾಕೆ ಸಾರೇ?

ಯಾಕೆ ಎಂದು ನನಗೆ ಗೊತ್ತಿತ್ತು. ಟವರ್ ಒತ್ತೊತ್ತಾಗಿ ನೆಟ್ಟಷ್ಟೂ ಒಂದೊಂದರ ಎಟುಕನ್ನು ಕಿರಿದು ಮಾಡಲೇಬೇಕು. ಹತ್ತು ಜನರಿಗೆ ಸಾಲುತ್ತಿದ್ದ ಅಡುಗೆಯನ್ನು ಸಾವಿರ ಜನರಿಗೆ ಬಡಿಸುವ ಉಪಾಯ ಅದು. ನನ್ನ ವರದಿಯಲ್ಲಿ ಕಡಲಿಗೆ ಮುಖ ಮಾಡಿದ ಆಂಟೆನಾಗಳನ್ನು ಬಗ್ಗಿಸುವುದು ಬೇಡ, ಅಲ್ಲಿ ಗಿರಾಕಿಗಳಿದ್ದಾರೆ ಎಂದು ಬರೆದೆ. ಅಂಕಿಗಳ ಪಟ್ಟಿಯನ್ನೂ ಲಗತ್ತಿಸಿದೆ. ಕೆಲವು ಹಾಗೇ ಉಳಿದವು, ಕೆಲವು ಬಗ್ಗಿದವು. ದೂರ ಹೋಗಬೇಕೆಂದರೆ ಒಬ್ಬನಿಗೇ ಎರಡು ಸರದಿ ಕೊಡುವ ಏರ್ಪಾಡೂ ಜಿಎಸ್‌ಎಂನಲ್ಲಿತ್ತು. ಹಾಗೆ ಮಾಡಿದರೆ ಮಾತಾಡುವವರ ಸಂಖ್ಯೆ ಅರ್ಧಕ್ಕೆ ಇಳಿಯುತ್ತದೆ. ದಡದಲ್ಲಿ ಸಾವಿರಾರು ಜನ ಕಾಯುತ್ತಿರುವಾಗ ನೀರಿನ ಮೇಲಿನ ನೂರು ಜನರಿಗಾಗಿ ಯಾರು ಅದನ್ನು ಹಾಕುತ್ತಾರೆ?

2009ರ ಹೊತ್ತಿಗೆ ನನ್ನ ಕೆಲಸ ತಿರುವನಂತಪುರಕ್ಕೆ ಹೋಯಿತು. ಅದು ಏಳು ಬೀಳಿನ ಊರು. ಪಾಳಯಂನಿಂದ ಪಟ್ಟಂಗೆ ಹೋಗುವಷ್ಟರಲ್ಲಿ ನಾಲ್ಕು ಸಲ ಹತ್ತಿ ಇಳಿಯಬೇಕು. ಇಳಿದಲ್ಲೆಲ್ಲ ಚುಕ್ಕೆ ಕೆಂಪಾಗುತ್ತಿತ್ತು. ಮಳೆಗಾಲದಲ್ಲಿ ಒದ್ದೆಯಾದ ಮರಗಳ ಎಲೆಗಳೂ ಅಲೆಯನ್ನು ಹೀರುತ್ತವೆ. ಕೆಲಸದ ಸ್ವರೂಪವೂ ಬದಲಾಯಿತು. 2010ರ ಹರಾಜಿನ ನಂತರ 3ಜಿ, ಆಮೇಲೆ 4ಜಿ. ಫೋನ್ ಮಾತಾಡುವ ಯಂತ್ರವಾಗಿ ಉಳಿಯಲಿಲ್ಲ. 1990ರಲ್ಲಿ ಶುರುವಾದ ಟೆಕ್ನೋಪಾರ್ಕಿನ ಹುಡುಗರು ಸೆಕೆಂಡಿಗೆ ಎಷ್ಟು ಮೆಗಾಬಿಟ್ ಎಂದು ಕೇಳತೊಡಗಿದರು. ನಾವು ಕರೆ ಮಾಡಿ ಕಟ್ ಮಾಡುವ ಬದಲು ಫೈಲ್ ಇಳಿಸಿ ಏರಿಸಿ ಅಳೆಯತೊಡಗಿದೆವು.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ಇದನ್ನು ಊರಿಗೆ ಹೋದಾಗಲೆಲ್ಲ ಕೇಳುತ್ತಾರೆ. ‘ನಾಲ್ಕು ಕಡ್ಡಿ ತೋರಿಸ್ತದೆ, ನೆಟ್ ಮಾತ್ರ ಬರಲ್ಲ, ಯಾಕೆ?’ ಆ ಕಡ್ಡಿಗಳಿಗೆ ಎಲ್ಲರೂ ಒಪ್ಪಿದ ಅಳತೆ ಇಲ್ಲ. ಒಂದೊಂದು ಫೋನ್ ತಯಾರಕರದ್ದು ಒಂದೊಂದು ಲೆಕ್ಕ. ಅದೂ ಅಲ್ಲದೆ, ಜೋರಾಗಿ ಕೇಳಿಸುವುದಕ್ಕೂ ಸ್ಪಷ್ಟವಾಗಿ ಕೇಳಿಸುವುದಕ್ಕೂ ವ್ಯತ್ಯಾಸವಿದೆ. ಜಾತ್ರೆಯಲ್ಲಿ ಮೈಕಿನ ಸದ್ದು ಕಿವಿ ಒಡೆಯುವಷ್ಟಿರುತ್ತದೆ, ಪಕ್ಕದವರು ಏನೆಂದರು ಎಂಬುದು ಗೊತ್ತಾಗುವುದಿಲ್ಲ. ಹಾಗಾಗಿ ಶಕ್ತಿಯ ಅಂಕಿಯ ಜೊತೆ ಗದ್ದಲದ ಅಂಕಿಯನ್ನೂ ನೋಡಬೇಕು. ಜೊತೆಗೆ ಆ ಟವರನ್ನು ಆ ಹೊತ್ತಿಗೆ ಎಷ್ಟು ಜನ ಹಂಚಿಕೊಂಡಿದ್ದಾರೆ ಎಂಬುದನ್ನೂ. 3ಜಿಯಲ್ಲಿ ಇದು ಇನ್ನೂ ಸೋಜಿಗ. ಬಳಸುವವರು ಹೆಚ್ಚಾದರೆ ಟವರ್‌ನ ವ್ಯಾಪ್ತಿಯೇ ಕುಗ್ಗುತ್ತದೆ, ಕಡಿಮೆಯಾದರೆ ಹಿಗ್ಗುತ್ತದೆ. ಉಸಿರಾಟ ಅಂತಲೇ ಅದಕ್ಕೆ ಹೆಸರು.

ಇನ್ನೊಂದು ಸಂಗತಿ. ಟವರ್ ನಿಮ್ಮನ್ನು ಮುಟ್ಟಿದರೆ ಸಾಲದು, ನಿಮ್ಮ ಫೋನ್ ಟವರನ್ನು ಮುಟ್ಟಬೇಕು. 900 ಮೆಗಾಹರ್ಟ್ಸಿನ ಹಳೆಯ 2ಜಿ ಫೋನಿಗೆ ಎರಡು ವ್ಯಾಟ್‌ವರೆಗೆ ಕೂಗುವ ಗಂಟಲಿತ್ತು. 4ಜಿ ಫೋನಿನ ಗಂಟಲು ಅದರ ಹತ್ತನೇ ಒಂದು ಪಾಲು. ಹೊಸ ತರಂಗಗಳೋ 1800, 2100, 2300 ಮೆಗಾಹರ್ಟ್ಸ್‌ನವು. ಮೇಲೇರಿದಷ್ಟೂ ದೂರ ಕಡಿಮೆ. ಪ್ರತಿ ತಲೆಮಾರಿನ ತಂತ್ರಜ್ಞಾನವೂ ಹೆಚ್ಚು ವೇಗ ತಂದಿತು, ಟವರ್ ಹತ್ತಿರವಿದ್ದವರಿಗೆ. 2022ರ ಡಿಸೆಂಬರ್‌ನಲ್ಲಿ ಕೊಚ್ಚಿಗೆ 5ಜಿ ಬಂದಾಗಲೂ ಅದು ಮೊದಲು ಬಂದದ್ದು ನಗರಕ್ಕೇ.

ತಿರುವನಂತಪುರದ ಉತ್ತರಕ್ಕೆ ತುಂಬಾ ಎಂಬ ಊರಿದೆ. ಹೆಸರು ಎಲ್ಲರಿಗೂ ಗೊತ್ತು. 1963ರ ನವೆಂಬರ್ 21ರಂದು ಅಲ್ಲಿಂದ ಅಮೆರಿಕದ ನೈಕಿ-ಅಪಾಚೆ ರಾಕೆಟ್ ಹಾರಿತು. ಭಾರತದ ಬಾಹ್ಯಾಕಾಶದ ಕೆಲಸ ಶುರುವಾದದ್ದು ಅಲ್ಲಿನ ಸೇಂಟ್ ಮೇರಿ ಮ್ಯಾಗ್ಡಲೀನ್ ಚರ್ಚಿನ ಕಟ್ಟಡದಲ್ಲಿ. ವಿಕ್ರಂ ಸಾರಾಭಾಯಿ ಕೇಳಿದರೆಂದು ಮೀನುಗಾರರು ತಮ್ಮ ಮನೆ, ದಡ, ದೇವರ ಜಾಗವನ್ನೂ ಬಿಟ್ಟುಕೊಟ್ಟರು. ಇದನ್ನು ಕೇಳಿದಾಗ ಶರಾವತಿಯವನಾದ ನನಗೆ ಹೊಟ್ಟೆಯೊಳಗೆ ಏನೋ ಮಿಸುಕುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ನಮ್ಮವರೂ ನಾಡಿನ ಬೆಳಕಿಗಾಗಿ ಗದ್ದೆ, ತೋಟ, ಮನೆ ಬಿಟ್ಟು ಎದ್ದವರು.

2017ರ ನವೆಂಬರ್ ಕೊನೆ. ಶ್ರೀಲಂಕಾದ ಬಳಿ ಎದ್ದ ವಾಯುಭಾರ ಕುಸಿತ 30ರಂದು ಕನ್ಯಾಕುಮಾರಿಯ ಪಕ್ಕದಲ್ಲೇ ಚಂಡಮಾರುತವಾಯಿತು. ಓಖಿ. ಎಚ್ಚರಿಕೆ ದಡ ಮುಟ್ಟುವಷ್ಟರಲ್ಲಿ ಪೂಂತುರ, ವಿಳಿಂಜಂ ಕಡೆಯ ದೋಣಿಗಳು ಕಡಲಿಗೆ ಇಳಿದಾಗಿತ್ತು. ಮನೆಯವರು ಫೋನ್ ಮೇಲೆ ಫೋನ್ ಮಾಡಿದರು. ಸಿಕ್ಕಿದವರು ತಿರುಗಿದರು. ದೂರ ಹೋದವರಿಗೆ ರೇಂಜ್ ಇರಲಿಲ್ಲ. ಕೇರಳ, ತಮಿಳುನಾಡು ಎರಡೂ ಸೇರಿ ಸತ್ತವರು, ಮರಳಿ ಬಾರದವರು ನೂರಾರು ಮಂದಿ. ಆ ವಾರ ನಾವು ಪೂಂತುರದ ರಸ್ತೆಯಲ್ಲಿ ಗಾಡಿ ಓಡಿಸಿದೆವು. ಚರ್ಚಿನ ಮುಂದೆ ಹೆಂಗಸರು ಕೂತಿದ್ದರು, ಪ್ರತಿಯೊಬ್ಬರ ಕೈಯಲ್ಲೂ ಫೋನ್. ನನ್ನ ಪರದೆಯ ಮೇಲೆ ಆ ರಸ್ತೆಯ ಚುಕ್ಕೆಗಳೆಲ್ಲ ಹಸಿರು. ಡ್ರೈವರ್ ಚೇಟ್ಟ ಅವತ್ತು ಏನೂ ಕೇಳಲಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ, ಅಷ್ಟು ದೂರಕ್ಕೆ ಯಾವ ಟವರೂ ಮುಟ್ಟುತ್ತಿರಲಿಲ್ಲ. ಅಲ್ಲಿಗೆ ಆಕಾಶದಿಂದಲೇ ಮಾತು ಇಳಿಯಬೇಕು. ಓಖಿಯ ನಂತರ ಆ ಕೆಲಸಕ್ಕೆ ಚುರುಕು ಬಂತು. 2019ರ ಅಕ್ಟೋಬರ್‌ನಲ್ಲಿ ಜೆಮಿನಿ ಎಂಬ ಸಣ್ಣ ಪೆಟ್ಟಿಗೆ ಬಂತು. ಅದು ಗಗನ್ ವ್ಯವಸ್ಥೆಯ ಉಪಗ್ರಹಗಳಿಂದ ಹವಾಮಾನದ ಎಚ್ಚರಿಕೆ ಪಡೆದು ದೋಣಿಯಲ್ಲಿರುವ ಮೊಬೈಲಿಗೆ ದಾಟಿಸುತ್ತದೆ. ಆ ಉಪಗ್ರಹಗಳು ತಯಾರಾದದ್ದು ನಮ್ಮ ಬೆಂಗಳೂರಿನಲ್ಲಿ. ಆದರೆ ಅದು ಕೇಳುವ ಪೆಟ್ಟಿಗೆ, ಹೇಳುವ ಪೆಟ್ಟಿಗೆಯಲ್ಲ. ‘ಬಿರುಗಾಳಿ ಬರುತ್ತಿದೆ’ ಎಂಬುದು ದೋಣಿಗೆ ತಿಳಿಯುತ್ತದೆ. ‘ನಾವು ಮುಳುಗುತ್ತಿದ್ದೇವೆ’ ಎಂಬುದು ಅದರಿಂದ ದಡಕ್ಕೆ ತಿಳಿಯುವುದಿಲ್ಲ.

ಓಖಿಯಾಗಿ ಒಂಬತ್ತು ತಿಂಗಳಿಗೆ, 2018ರ ಆಗಸ್ಟ್‌ನಲ್ಲಿ, ನೆರೆ ಬಂತು. ಕೊಚ್ಚಿ ವಿಮಾನ ನಿಲ್ದಾಣವೇ ಎರಡು ವಾರ ಮುಚ್ಚಿತ್ತು. ಕರೆಂಟ್ ಹೋಗಿ, ಬ್ಯಾಟರಿ ಮುಗಿದು ಟವರ್‌ಗಳು ಒಂದೊಂದಾಗಿ ಬಾಯಿ ಮುಚ್ಚಿದವು. ಇನ್ನೂ ರೇಂಜ್ ಇದ್ದ ಕಡೆ ಜನ ಮಾಳಿಗೆ ಹತ್ತಿ, ತಾವಿರುವ ಜಾಗವನ್ನು ಮೊಬೈಲಿನಲ್ಲಿ ಕಳಿಸಿದರು. ಅವರನ್ನು ಎತ್ತಿ ತಂದವರಲ್ಲಿ ದೊಡ್ಡ ಪಾಲು ಲಾರಿಯ ಮೇಲೆ ದೋಣಿ ಹೇರಿಕೊಂಡು ತಿರುವನಂತಪುರ, ಕೊಲ್ಲಂ ದಡಗಳಿಂದ ಬಂದ ಮೀನುಗಾರರು. ರೇಂಜಿನಾಚೆ ತಮ್ಮವರನ್ನು ಕಳೆದುಕೊಂಡವರು ರೇಂಜಿನೊಳಗಿದ್ದವರನ್ನು ಉಳಿಸಲು ಬಂದರು. ಆ ವರ್ಷದ ಕೊನೆಗೆ ನಾನು ಊರಿಗೆ ಮರಳಿದೆ.

ಊರಲ್ಲಿ ಆಗಲೂ ಅಮ್ಮ ಫೋನ್ ಮಾಡಬೇಕಾದರೆ ಗೇರು ಗುಡ್ಡ ಹತ್ತುತ್ತಿದ್ದಳು. “ಮಗಾ, ಜಾಸ್ತಿ ಮಾತಾಡ್ಬೇಡ, ಗಾಳಿ ಬಂದ್ರೆ ಕಟ್ಟಾಗ್ತದೆ” ಅನ್ನುವುದು ಅವಳ ಮಾಮೂಲು ಮಾತು. 2021ರಲ್ಲಿ, ಕೊರೊನಾ ಕಾಲದ ಆನ್‌ಲೈನ್ ಪಾಠಗಳಿಗಾಗಿ ಮಕ್ಕಳು ಮಳೆಯಲ್ಲಿ ಗುಡ್ಡ ಹತ್ತುವಂತಾದಾಗ, ಮಲೆನಾಡಿನ ಹಳ್ಳಿಗಳಲ್ಲಿ ‘ನೆಟ್‌ವರ್ಕ್ ಇಲ್ಲದಿದ್ದರೆ ಓಟೂ ಇಲ್ಲ’ ಎಂಬ ಕೂಗೆದ್ದದ್ದು ನಿಮಗೆ ನೆನಪಿರಬಹುದು. ಮರುವರ್ಷ, 2022ರ ಜುಲೈಯಲ್ಲಿ, ದೇಶದಲ್ಲಿ ಸಿಗ್ನಲ್ ಇಲ್ಲದ 24,680 ಹಳ್ಳಿಗಳಿಗೆ 4ಜಿ ಕೊಡಲು 26,316 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿತು. 2025ರ ಜುಲೈಯಲ್ಲಿ ಸಿಗಂದೂರಿನ ಸೇತುವೆಯೂ ಆಯಿತು. ನಾವು ಅರ್ಧ ಶತಮಾನ ಕಾದ ದಾರಿ ಅದು.

ಇನ್ನು ನಮ್ಮ ಕಡೆಗೂ ಅಳೆಯುವ ಗಾಡಿಗಳು ಬರುತ್ತವೆ. ಸೇತುವೆಯ ಮೇಲೆ ಸಲೀಸಾಗಿ ದಾಟಿ, ಡಾಂಬರು ರಸ್ತೆಯಲ್ಲಿ ಓಡಿ, ಚುಕ್ಕೆಗಳೆಲ್ಲ ಹಸಿರಾದವು ಎಂದು ಬರೆದುಕೊಂಡು ಹೋಗಬಹುದು. ಅವರು ಕೆಟ್ಟವರಲ್ಲ, ಹದಿನಾಲ್ಕು ವರ್ಷ ನಾನೂ ಆ ಸೀಟಿನಲ್ಲೇ ಕೂತವನು. ಅವರು ಬಂದಾಗ ಒಂದು ಲೋಟ ಕಾಫಿ ಕೊಡಿ. ಆಮೇಲೆ ಗಾಡಿ ಯಾವ ದಾರಿಯಲ್ಲಿ ಹೋಯಿತು ಎಂದು ಕೇಳಿ. ರಸ್ತೆಯಿಂದ ಎಷ್ಟು ದೂರ ಇಳಿದು ನಡೆದಿರಿ, ಮನೆಯೊಳಗೆ, ತೋಟದ ತಗ್ಗಿನಲ್ಲಿ, ಹೊಳೆಯಾಚೆ ಅಳೆದಿರೋ ಎಂದು ಕೇಳಿ. ಅಷ್ಟನ್ನು ಕೇಳುವವರು ಊರಿಗೊಬ್ಬರಿದ್ದರೂ ನಕ್ಷೆಯ ಬಣ್ಣ ಬದಲಾಗುತ್ತದೆ.